ಟ್ರೆಡ್‌ಮಿಲ್ ಮೇಲೆ ಸೀರಿಯಲ್ ಹಾಕಿದರೆ ಕಾಲು ನಿಧಾನ, ಹಾಡು ಹಾಕಿದರೆ ಜೋರು. ನಿಮಗೂ ಹೀಗೇನಾ?

ಬೆವರಹನಿ
ಎಲ್ಲರಿಗೂ ನಮಸ್ಕಾರ. ಮನೆಯಲ್ಲೇ ಟ್ರೆಡ್‌ಮಿಲ್ ಇದೆ, ಎದುರಿಗೆ ಟಿವಿ. ಸೀರಿಯಲ್ ಹಾಕಿಕೊಂಡು ನಡೆದರೆ ಮುಕ್ಕಾಲು ಗಂಟೆ ಹೋಗಿದ್ದೇ ಗೊತ್ತಾಗುವುದಿಲ್ಲ. ಆದರೆ ಇಳಿದು ನೋಡಿದರೆ ದೂರವೂ ಕಮ್ಮಿ, ಬೆವರೂ ಕಮ್ಮಿ. ಕಥೆಯಲ್ಲಿ ಯಾರಾದರೂ ಅಳಲು ಶುರು ಮಾಡಿದರೆ ನನ್ನ ಕೈ ತಾನಾಗಿ ವೇಗ ಇಳಿಸುವ ಬಟನ್ ಮೇಲೆ ಹೋಗಿರುತ್ತದೆ.

ಟಿವಿ ಆರಿಸಿ ಹಾಡು ಹಾಕಿಕೊಂಡರೆ ಉಲ್ಟಾ. ಕಾಲು ಜೋರಾಗುತ್ತದೆ, ಖುಷಿಯೂ ಆಗುತ್ತದೆ. ಆದರೆ ಅರ್ಧ ಗಂಟೆಯೊಳಗೆ ಸುಸ್ತಾಗಿ ನಿಲ್ಲಿಸುತ್ತೇನೆ. ನನ್ನ ತಮ್ಮನ ಪ್ರಕಾರ ಎರಡೂ ಮೋಸ. "ಅಕ್ಕಾ, ಕಣ್ಣಿಗೂ ಕಿವಿಗೂ ರಜೆ ಕೊಡು, ಉಸಿರು ಕೇಳಿಸಿಕೊಂಡು ಓಡು" ಅಂತಾನೆ. ಅದನ್ನೂ ಮಾಡಿ ನೋಡಿದೆ. ಪರದೆಯ ಮೇಲೆ ಓಡುವ ಸೆಕೆಂಡುಗಳನ್ನು ಎಣಿಸುವುದೇ ಕೆಲಸವಾಯಿತು.

ನಿಮ್ಮ ಅನುಭವ ಏನು? ಹಾಡು, ವಿಡಿಯೊ ನಿಜಕ್ಕೂ ಸಹಾಯ ಮಾಡುತ್ತವಾ, ಇಲ್ಲ ನಮಗೆ ನಾವೇ ಟೋಪಿ ಹಾಕಿಕೊಳ್ಳುತ್ತಿದ್ದೇವಾ?

ಸೋಮಾರಿ ಸಂಘ
ಟೋಪಿ ಹಾಕಿಕೊಂಡಾದರೂ ನಡೆಯುತ್ತಿದ್ದೀರಲ್ಲ ಮೇಡಂ. ನಮ್ಮನೆ ಟ್ರೆಡ್‌ಮಿಲ್ ಮೇಲೆ ಬಟ್ಟೆ ಒಣಗುತ್ತಿವೆ.

ಮೌನಿ ಓಟಗಾರ
ನಿಮ್ಮ ತಮ್ಮ ಹೇಳಿದ್ದು ಸರಿ. ಉಸಿರಿನ ಲಯ, ಪಾದ ನೆಲಕ್ಕೆ ಬೀಳುವ ಸದ್ದು, ಮೊಣಕಾಲಿನ ಸಣ್ಣ ನೋವು, ಇವೆಲ್ಲ ದೇಹ ಕೊಡುವ ಸುದ್ದಿ. ಕಿವಿಗೆ ಹಾಡು ತುರುಕಿಕೊಂಡರೆ ಆ ಸುದ್ದಿ ಯಾರಿಗೆ ತಲುಪಬೇಕು? ಮೊದಲು ಬೇಜಾರಾಗುತ್ತದೆ, ಆಮೇಲೆ ಅಭ್ಯಾಸವಾಗುತ್ತದೆ. ನಾನು ವರ್ಷಗಳಿಂದ ಹಾಗೇ ಓಡುತ್ತಿದ್ದೇನೆ, ಸುಖವಾಗಿದ್ದೇನೆ.

ದಂಬೆಲ್ ದಾಸ
ಮೌನಿ ಅಣ್ಣ, ನೀವು ಸುಖವಾಗಿದ್ದೀರಿ, ಒಪ್ಪಿದೆ. ಎಲ್ಲರಿಗೂ ಅದು ಆಗಿಬರಬೇಕಲ್ಲ. ನನಗಂತೂ ಹಾಡು ಇಲ್ಲದೆ ಜಿಮ್ ಬಾಗಿಲು ದಾಟಲು ಕಾಲೇ ಬರುವುದಿಲ್ಲ. ಹೆಡ್‌ಫೋನ್ ಚಾರ್ಜ್ ಆಗಿಲ್ಲ ಅಂತ ವಾಪಸ್ ಮನೆಗೆ ಬಂದವನು ನಾನು.

ಹಳೇ ಸೈಕಲ್
ಬೆವರಹನಿ ಅವರೇ, ನಿಮಗೆ ಆಗುತ್ತಿರುವುದು ವಿಚಿತ್ರವಲ್ಲ. ಹೀಗೇ ಆಗಬೇಕು. ಈ ವಿಷಯದಲ್ಲಿ ನೂರು ವರ್ಷಕ್ಕೂ ಜಾಸ್ತಿ ಕಾಲದಿಂದ ತಲೆ ಕೆಡಿಸಿಕೊಂಡವರಿದ್ದಾರೆ. ಲೆನರ್ಡ್ ಏರ್ಸ್ ಅನ್ನುವವರು 1911ರಲ್ಲಿ ಬರೆದಿಟ್ಟಿದ್ದಾರೆ. ಆರು ದಿನಗಳ ಸೈಕಲ್ ರೇಸಿನಲ್ಲಿ ಬ್ಯಾಂಡ್ ನುಡಿಯುತ್ತಿದ್ದಾಗ ಸವಾರರು ಜೋರಾಗಿ ತುಳಿದರು, ಬ್ಯಾಂಡ್ ನಿಂತಾಗ ನಿಧಾನವಾದರು. ಯಾರೂ ಅವರಿಗೆ 'ಜೋರಾಗಿ ತುಳಿ' ಅಂದಿರಲಿಲ್ಲ.

ಈಗ ಇದನ್ನು ಅಳೆಯುವುದು ಹೇಗೆ? ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಗುನ್ನಾರ್ ಬೋರ್ಗ್ ಮಾಡಿದ ಒಂದು ಪಟ್ಟಿ ಇದೆ, 6ರಿಂದ 20ರವರೆಗೆ. ಸುಮ್ನೆ ಕೂತಿದ್ದರೆ 6, ಇನ್ನು ಸಾಧ್ಯವೇ ಇಲ್ಲ ಅನ್ನುವಾಗ 20. ಎಷ್ಟು ಕಷ್ಟ ಅನಿಸುತ್ತಿದೆ ಅಂತ ನೀವೇ ಅಂಕ ಕೊಡಬೇಕು. ಆ ಅಂಕವನ್ನು ಹತ್ತರಿಂದ ಗುಣಿಸಿದರೆ ಹೆಚ್ಚುಕಮ್ಮಿ ಎದೆಬಡಿತ ಬರಲಿ ಅಂತಲೇ 6ರಿಂದ ಶುರು ಮಾಡಿದ್ದು. ಹಗುರ ಮತ್ತು ಮಧ್ಯಮ ವ್ಯಾಯಾಮದಲ್ಲಿ ಸಂಗೀತ ಈ 'ಕಷ್ಟ'ವನ್ನು ಸುಮಾರು ಶೇ. 10ರಷ್ಟು ಇಳಿಸುತ್ತದೆ ಅಂತ ಲಂಡನ್ನಿನ ಬ್ರೂನೆಲ್ ವಿಶ್ವವಿದ್ಯಾಲಯದ ಕೋಸ್ಟಾಸ್ ಕರಗಿಯೋರ್ಗಿಸ್ ಹೇಳುತ್ತಾರೆ. ಈ ಕ್ಷೇತ್ರದಲ್ಲಿ ಅವರದು ದೊಡ್ಡ ಹೆಸರು.

ಕಾರಣ ಸರಳ. ತಲೆಗೆ ಒಂದೇ ಹೊತ್ತಿಗೆ ಹಿಡಿಸುವುದು ಇಷ್ಟೇ. ಹಾಡು ಒಳಗೆ ಬಂದರೆ ಕಾಲುನೋವಿನ ಸುದ್ದಿಗೆ ಜಾಗ ಕಮ್ಮಿಯಾಗುತ್ತದೆ. ಆದರೆ ವೇಗ ಏರಿದ ಹಾಗೆ ದೇಹದ ಕೂಗು ಜೋರಾಗುತ್ತದೆ. ಒಂದು ಹಂತ ದಾಟಿದ ಮೇಲೆ ಯಾವ ಹಾಡೂ ಅದನ್ನು ಮುಚ್ಚಲಾರದು.

ಮೌನಿ ಓಟಗಾರ
ಅಂದರೆ ನಾನು ಹೇಳಿದ್ದೇ ಆಯಿತಲ್ಲ. ಸುದ್ದಿ ಮುಚ್ಚುವುದು.

ಹಳೇ ಸೈಕಲ್
ಮುಚ್ಚುವುದು ಅಂದರೆ ಕಳೆದುಹೋಗುವುದು ಅಂತಲ್ಲ ಮೌನಿ. ಮೂಳೆಗೆ ಪೆಟ್ಟಾದರೆ ಹಾಡು ಎಷ್ಟೇ ಜೋರಿದ್ದರೂ ಗೊತ್ತಾಗುತ್ತದೆ. ಇಲ್ಲಿ ಕಮ್ಮಿಯಾಗುವುದು ದಿನನಿತ್ಯದ ಗೊಣಗಾಟ. 'ಇನ್ನೂ ಎಷ್ಟು ಹೊತ್ತು', 'ಬಾಯಿ ಒಣಗಿತು', 'ಇವತ್ತು ಬಿಡೋಣ', ಆ ಥರದ್ದು.

ನಿದ್ದೆಗಣ್ಣು
ಆ ಒಂದು ಹಂತ ಅಂದರೆ ಯಾವುದು? ನನ್ನ ಹತ್ತಿರ ವಾಚ್ ಗೀಚ್ ಏನೂ ಇಲ್ಲ.

ತಾಳಮೇಳ
ವಾಚ್ ಬೇಡ ನಿದ್ದೆಗಣ್ಣು. ಮಾತಾಡಿ ನೋಡಿ. ಪೂರ್ತಿ ವಾಕ್ಯ ಆರಾಮಾಗಿ ಬಂದರೆ ನೀವು ಇನ್ನೂ ಕೆಳಗಿದ್ದೀರಿ. ಎರಡು ಮೂರು ಪದಕ್ಕೆ ಉಸಿರು ಕಟ್ಟಿದರೆ ದಾಟಿದ್ದೀರಿ. ಹಾಡು ಕಷ್ಟ ಕಮ್ಮಿ ಮಾಡುವುದು ಮುಖ್ಯವಾಗಿ ಆ ಗೆರೆಯ ಕೆಳಗೆ.

ನಾನು ಗುಂಪು ತರಗತಿ ನಡೆಸುವವಳು. ಆದ್ದರಿಂದ ಒಂದು ಮಾತು ಸೇರಿಸುತ್ತೇನೆ. ಗೆರೆ ದಾಟಿದ ಮೇಲೆ ಹಾಡು ಪೂರ್ತಿ ವ್ಯರ್ಥ ಅಂತ ಕೆಲವರು ಹೇಳುತ್ತಾರೆ. ನಾನು ನೋಡಿದ್ದು ಹಾಗಲ್ಲ. 'ಎಷ್ಟು ಕಷ್ಟ' ಅಂತ ಕೇಳಿದರೆ ಕಷ್ಟ ಅಷ್ಟೇ ಅಂತಾರೆ. 'ಹೇಗನಿಸುತ್ತಿದೆ' ಅಂತ ಕೇಳಿದರೆ ಮುಖ ಬೇರೆ ಇರುತ್ತದೆ. ಈ ಎರಡು ಪ್ರಶ್ನೆ ಒಂದೇ ಅಲ್ಲ. ಸುಸ್ತು ಬೇರೆ, ಸುಸ್ತನ್ನು ಇಷ್ಟಪಡುವುದು ಬೇರೆ. ನಾಳೆ ಮತ್ತೆ ಬರುತ್ತಾರಾ ಇಲ್ಲವಾ ಅನ್ನುವುದು ಜಾಸ್ತಿ ಎರಡನೆಯದರ ಮೇಲೆ ನಿಂತಿದೆ.

ಹಳೇ ಸೈಕಲ್
ತಾಳಮೇಳ ಮೇಡಂ ಹೇಳಿದ್ದಕ್ಕೆ ಆಧಾರ ಇದೆ. ವಿಡಿಯೊ ಪ್ರಶ್ನೆಗೂ ಅದರಲ್ಲೇ ಉತ್ತರ ಇದೆ, ಅದಕ್ಕೇ ಬರೆಯುತ್ತೇನೆ.

2014ರಲ್ಲಿ ಕರಗಿಯೋರ್ಗಿಸ್ ಮತ್ತು ಜೊತೆಗಾರರು 34 ಜನರನ್ನು ನಿಂತಲ್ಲೇ ತುಳಿಯುವ ಸೈಕಲ್ ಮೇಲೆ ಕೂರಿಸಿದರು. ಒಮ್ಮೆ ಆ ಗೆರೆಯ ಸ್ವಲ್ಪ ಕೆಳಗೆ, ಒಮ್ಮೆ ಸ್ವಲ್ಪ ಮೇಲೆ. ಪ್ರತಿ ಸಲವೂ ನಾಲ್ಕು ಬಗೆ: ಬರೀ ಹಾಡು, ಬರೀ ವಿಡಿಯೊ, ಹಾಡು ಮತ್ತು ವಿಡಿಯೊ ಎರಡೂ, ಏನೂ ಇಲ್ಲ. ವಿಡಿಯೊ ಅಂದರೆ ಸೀರಿಯಲ್ ಅಲ್ಲ, ಉದ್ಯಾನದ ಹಸಿರು ದೃಶ್ಯ. ಹಾಡು ಇದ್ದ ಎರಡೂ ಬಗೆಯಲ್ಲಿ ಜನಕ್ಕೆ ಜಾಸ್ತಿ ಹಿತ ಅನಿಸಿತು, ಜಾಸ್ತಿ ಮಜಾ ಬಂತು. ಗೆರೆಯ ಮೇಲಿದ್ದಾಗಲೂ ಅಷ್ಟೇ. ಬರೀ ಚಿತ್ರಕ್ಕೆ ಆ ಶಕ್ತಿ ಇರಲಿಲ್ಲ.

ಬೆವರಹನಿ
ಅಯ್ಯೋ, ಹಸಿರು ಮರ ನೋಡಿದರೆ ನಾನು ಎರಡೇ ನಿಮಿಷಕ್ಕೆ ಇಳಿದುಬಿಡುತ್ತೇನೆ. ನನ್ನ ಸೀರಿಯಲ್ ಬೇರೆ ಲೆಕ್ಕ ಅಲ್ವಾ? ಅದರಲ್ಲಿ ಮಾತಿದೆ, ಕಥೆ ಇದೆ.

ದಂಬೆಲ್ ದಾಸ
ಅತ್ತೆ ಇದ್ದಾಳೆ.

ಹಳೇ ಸೈಕಲ್
ಬೇರೆ ಲೆಕ್ಕವೇ. ಕಥೆಗೆ ಗಮನ ಜಾಸ್ತಿ ಬೇಕು. ಗಮನ ಅತ್ತ ಹೋದರೆ ಹೊತ್ತು ಬೇಗ ಸರಿಯುತ್ತದೆ, ಅದು ಲಾಭ. ಆದರೆ ಕಾಲಿಗೆ 'ಜೋರು' ಅನ್ನುವವರು ಯಾರೂ ಇಲ್ಲ. ಹಾಡಿನಲ್ಲಿ ತಾಳ ಇದೆ, ತಾಳ ಕಾಲನ್ನು ಎಳೆಯುತ್ತದೆ. ಮಾತಿಗೆ ಅಂಥ ತಾಳ ಇಲ್ಲ. ಅಳುವ ದೃಶ್ಯದಲ್ಲಿ ನೀವು ವೇಗ ಇಳಿಸುವುದು ಅದಕ್ಕೇ ಇರಬೇಕು.

ಫೋನ್ ಬಗ್ಗೆಯೂ ಇಂಥದ್ದೇ ಇದೆ. 2015ರಲ್ಲಿ ಅಮೆರಿಕದಲ್ಲಿ ಟ್ರೆಡ್‌ಮಿಲ್ ಮೇಲೆ ಇದನ್ನು ನೋಡಿದರು. ಮೆಸೇಜ್ ಟೈಪ್ ಮಾಡುತ್ತಾ, ಫೋನಿನಲ್ಲಿ ಮಾತಾಡುತ್ತಾ ನಡೆದವರ ವ್ಯಾಯಾಮ ಸಪ್ಪೆಯಾಯಿತು. ಅದೇ ಫೋನಿನಲ್ಲಿ ಹಾಡು ಕೇಳಿದವರ ವೇಗ ಏರಿತು. ವಸ್ತು ಒಂದೇ, ಉಪಯೋಗ ಬೇರೆ.

ಸೋಮಾರಿ ಸಂಘ
ಟ್ರೆಡ್‌ಮಿಲ್ ಮೇಲೆ ಟೈಪ್ ಮಾಡುವವರು ಇದ್ದಾರಾ? ನಾನು ನೆಲದ ಮೇಲೆ ನಡೆಯುತ್ತಾ ಟೈಪ್ ಮಾಡಿದರೇ ಕಂಬಕ್ಕೆ ಗುದ್ದುತ್ತೇನೆ.

ಮೊಣಕಾಲು
ಇದ್ದಾರೆ ಸ್ವಾಮಿ. ನಮ್ಮ ಜಿಮ್ಮಿನಲ್ಲಿ ಒಬ್ಬರು ಫೋನನ್ನು ಕೈಯಲ್ಲಿ ಹಿಡಿದು ರೀಲ್ಸ್ ತಳ್ಳುತ್ತಾ ಓಡುತ್ತಿದ್ದರು. ಫೋನ್ ಬೆಲ್ಟ್ ಮೇಲೆ ಬಿತ್ತು, ಅದನ್ನು ಹಿಡಿಯಲು ಬಗ್ಗಿದರು. ಫೋನ್ ಮೊದಲು ಹೋಯಿತು, ಹಿಂದೆಯೇ ಅವರೂ ಹೋದರು. ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ, ಪುಣ್ಯ. ಸುರಕ್ಷತೆಯ ಕ್ಲಿಪ್ ಅಂತ ಒಂದು ಕೆಂಪು ದಾರ ಇರುತ್ತದಲ್ಲ, ಅದನ್ನು ಬಟ್ಟೆಗೆ ಸಿಕ್ಕಿಸಿಕೊಳ್ಳಿ. ಅದನ್ನು ಹಾಕಿಕೊಂಡವರನ್ನು ನಾನು ಇವತ್ತಿನವರೆಗೂ ನೋಡಿಲ್ಲ.

ಇನ್ನೊಂದು. ಪರದೆ ಕಣ್ಣಿನ ಮಟ್ಟಕ್ಕೆ ಇರಲಿ. ತಟ್ಟೆಯ ಮೇಲೆ ಫೋನ್ ಇಟ್ಟು ಕೆಳಗೆ ನೋಡುತ್ತಾ ಓಡಿದರೆ ಕತ್ತು ಬಗ್ಗುತ್ತದೆ, ಭುಜ ಮುಂದೆ ಬರುತ್ತದೆ, ಹೆಜ್ಜೆ ಗಿಡ್ಡವಾಗುತ್ತದೆ. ಕತ್ತುನೋವು ಬಂದಾಗ ಎಲ್ಲರೂ ಶೂ ಬೈಯುತ್ತಾರೆ.

ಗಡಿಬಿಡಿ ಗೌರಿ
ನಾನು ಪಾಡ್‌ಕಾಸ್ಟ್ ಪಾರ್ಟಿ. ಹಾಡೂ ಇಲ್ಲ, ವಿಡಿಯೊವೂ ಇಲ್ಲ. ಯಾರೂ ನಮ್ಮ ಬಗ್ಗೆ ಮಾತೇ ಆಡಲಿಲ್ಲ.

ತಾಳಮೇಳ
ಗೌರಿ, ಪಾಡ್‌ಕಾಸ್ಟ್ ಉದ್ದ ನಡಿಗೆಗೆ ಚೆನ್ನ. ಜೋರು ಓಟಕ್ಕೆ ಹಾಕಿ ನೋಡಿ, ಮುಗಿದ ಮೇಲೆ ಅವರು ಏನು ಹೇಳಿದರು ಅಂತ ಒಂದು ಸಾಲೂ ನೆನಪಿರುವುದಿಲ್ಲ.

ಗಡಿಬಿಡಿ ಗೌರಿ
ನಡೆಯುವಾಗಲೂ ನೆನಪಿರುವುದಿಲ್ಲ ಅಕ್ಕ, ಅದು ಬೇರೆ ಸಮಸ್ಯೆ.

ಓಟದ ಹುಚ್ಚ
ಎಲ್ಲರೂ ಮುಖ್ಯ ವಿಷಯ ಬಿಟ್ಟಿದ್ದೀರಿ. ಬಿಪಿಎಂ! ಅಂದರೆ ಹಾಡಿನಲ್ಲಿ ನಿಮಿಷಕ್ಕೆ ಎಷ್ಟು ಬಡಿತ ಅನ್ನುವ ಲೆಕ್ಕ. ನಿಮಿಷಕ್ಕೆ 180 ಹೆಜ್ಜೆ ಓಡಬೇಕು, ಆದ್ದರಿಂದ 180 ಬಿಪಿಎಂ ಹಾಡೇ ಬೇಕು. ಬೇರೆ ಯಾವುದೂ ಕೆಲಸಕ್ಕೆ ಬರುವುದಿಲ್ಲ. ನಾನು ಪಟ್ಟಿ ಮಾಡಿ ಇಟ್ಟಿದ್ದೇನೆ, ಬೇಕಾದವರು ಕೇಳಿ.

ತಾಳಮೇಳ
ಗುರುವೇ, ಎರಡು ಕಡೆ ಎಡವಿದ್ದೀರಿ. ಆ 180 ಅನ್ನುವುದು ಜ್ಯಾಕ್ ಡೇನಿಯಲ್ಸ್ ಅನ್ನುವ ಕೋಚ್ 1984ರ ಒಲಿಂಪಿಕ್ಸ್‌ನಲ್ಲಿ ಘಟಾನುಘಟಿ ಓಟಗಾರರನ್ನು ನೋಡಿ ಎಣಿಸಿದ ಸಂಖ್ಯೆಯಿಂದ ಬಂದದ್ದು. ಅವರು ರೇಸಿನಲ್ಲಿ ಓಡುತ್ತಿದ್ದವರು. ಉದ್ದ ಕಾಲಿನವರು ನಿಧಾನವಾಗಿ ಓಡುವಾಗ 160ರ ಆಸುಪಾಸಿನಲ್ಲಿದ್ದರೂ ತಪ್ಪೇನಿಲ್ಲ. ಎಲ್ಲರಿಗೂ ಒಂದೇ ಅಳತೆಯ ಅಂಗಿ ಹೊಲಿಯಲಾಗುವುದಿಲ್ಲ.

ಎರಡನೆಯದು, 180 ಹೆಜ್ಜೆಗೆ 180ರ ಹಾಡೇ ಬೇಕಿಲ್ಲ. 90ರ ಹಾಡು ಸಾಕು. ಒಂದು ಬಡಿತಕ್ಕೆ ಎರಡು ಹೆಜ್ಜೆ. ಅಂದರೆ ಪ್ರತಿ ಬಡಿತಕ್ಕೂ ಬಲಗಾಲು ಬೀಳುತ್ತದೆ, ನಡುವೆ ಎಡಗಾಲು. 180ರ ಹಾಡುಗಳನ್ನೇ ಹುಡುಕುತ್ತಾ ಹೋದರೆ ಕೊನೆಗೆ ಕೇಳಲಾಗದ ಗದ್ದಲ ಮಾತ್ರ ಸಿಗುತ್ತದೆ.

ತಾಳಕ್ಕೆ ಹೆಜ್ಜೆ ಸೇರಿಸದೆ ಸುಮ್ನೆ ಹಿನ್ನೆಲೆಯಲ್ಲಿ ಕೇಳುವವರಿಗೆ 120ರಿಂದ 140 ಬಿಪಿಎಂ ಹಿತವಾದ ಜಾಗ ಅಂತಾರೆ. ಅದಕ್ಕಿಂತ ಮೇಲೆ ಹೋದರೆ ಹೆಚ್ಚಿನ ಲಾಭ ಏನೂ ಕಾಣುವುದಿಲ್ಲ. ನಮ್ಮ ತರಗತಿಯ ಹಾಡುಗಳೂ ಹೆಚ್ಚಾಗಿ ಅಲ್ಲೇ ಇರುತ್ತವೆ. ಅವನ್ನು 32 ಎಣಿಕೆಯ ತುಂಡುಗಳಾಗಿ ಜೋಡಿಸಿರುತ್ತಾರೆ. ಹೊಸ ಹೆಜ್ಜೆ ಯಾವಾಗ ಶುರು ಅಂತ ನಾನು ಕೂಗುವ ಮೊದಲೇ ಹಳೆಯವರ ಕಾಲಿಗೆ ಗೊತ್ತಾಗಿರುತ್ತದೆ.

ಓಟದ ಹುಚ್ಚ
90ರ ಹಾಡಿಗೆ ಓಡಿದರೆ ನನಗೆ ನಿದ್ದೆ ಬರುತ್ತದೆ. ನನ್ನ ಪಟ್ಟಿ ನನಗೆ.

ಅಂದ ಹಾಗೆ ಇಥಿಯೋಪಿಯಾದ ಓಟಗಾರ ಹೈಲೆ ಗೆಬ್ರೆಸೆಲಾಸಿ 1998ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಒಳಾಂಗಣ 2000 ಮೀಟರ್ ವಿಶ್ವದಾಖಲೆ ಮಾಡಿದಾಗ ಸ್ಟೇಡಿಯಂ ಸ್ಪೀಕರಿನಲ್ಲಿ ಅವರಿಗೆ ಇಷ್ಟವಾದ ಪಾಪ್ ಹಾಡು ಹಾಕಿಸಿದ್ದರು. ತಾಳಕ್ಕೆ ಹೆಜ್ಜೆ ಸೇರಿಸಿ ಓಡಿದ ಮಹಾನುಭಾವ. ಹಾಡು ಕೆಲಸ ಮಾಡುತ್ತದೆ ಅನ್ನುವುದಕ್ಕೆ ಇನ್ನೇನು ಬೇಕು?

ಮೌನಿ ಓಟಗಾರ
ಹಾಡು ಇಲ್ಲದೆ ಅವರು ಮಾಡಿದ ಮಿಕ್ಕ ವಿಶ್ವದಾಖಲೆಗಳು? ಅವುಗಳ ಕೀರ್ತಿ ಯಾರಿಗೆ ಕೊಡೋಣ?

ದಂಬೆಲ್ ದಾಸ
ಮೌನಿ ಅಣ್ಣ ಒಂದು ಗೋಲು ಹೊಡೆದರು 😄

ಹಳೇ ಸೈಕಲ್
ಒಂದು ಉದಾಹರಣೆಯಿಂದ ಏನೂ ಸಾಬೀತಾಗುವುದಿಲ್ಲ, ಅದು ಸರಿ. ಆದರೆ ತಾಳಕ್ಕೆ ಹೆಜ್ಜೆ ಸೇರಿಸುವ ವಿಷಯದಲ್ಲಿ ಪ್ರಯೋಗವೂ ಇದೆ. 2012ರಲ್ಲಿ ಪ್ರಕಟವಾಯಿತು. ಸೈಕಲ್ ತುಳಿಯುವವರು ತಾಳಕ್ಕೆ ಸರಿಯಾಗಿ ತುಳಿದಾಗ, ಅದಕ್ಕಿಂತ ನಿಧಾನದ ಹಾಡು ಹಾಕಿದಾಗಿನ ಹೋಲಿಕೆಯಲ್ಲಿ, ಅಷ್ಟೇ ಕೆಲಸಕ್ಕೆ ಸುಮಾರು ಶೇ. 7ರಷ್ಟು ಕಮ್ಮಿ ಆಕ್ಸಿಜನ್ ಬಳಸಿದರು. ಇದು ಬರೀ 'ಅನಿಸಿಕೆ' ಅಲ್ಲ, ಉಸಿರಿನಲ್ಲೇ ಅಳೆದದ್ದು. ಕಾಲು ಒಂದೇ ಲಯದಲ್ಲಿ ಸುತ್ತಿದರೆ ನಡುನಡುವೆ ಏರಿಸಿ ಇಳಿಸುವ ದಂಡ ಬೀಳುವುದಿಲ್ಲ.

ನಿದ್ದೆಗಣ್ಣು
ನಿಲ್ಲಿ ನಿಲ್ಲಿ. ಕಮ್ಮಿ ಆಕ್ಸಿಜನ್ ಅಂದರೆ ಕಮ್ಮಿ ಕ್ಯಾಲರಿ ಅಲ್ವಾ? ನಾನು ಓಡುವುದೇ ಹೊಟ್ಟೆ ಕರಗಲಿ ಅಂತ. ಹಾಗಾದರೆ ತಾಳಕ್ಕೆ ಓಡಿದರೆ ನನಗೆ ನಷ್ಟ!

ಸೋಮಾರಿ ಸಂಘ
ತಾಳ ತಪ್ಪಿ ಓಡುವವರೇ ಬೇಗ ಸಣ್ಣಗಾಗುತ್ತಾರೆ ಅಂತ ಆಯಿತು. ಕೊನೆಗೂ ನನಗೊಂದು ಅನುಕೂಲ.

ಮೊಣಕಾಲು
ಪ್ರಶ್ನೆ ತಮಾಷೆಯಾಗಿದೆ, ಆದರೆ ಸುಳ್ಳಲ್ಲ. ಅಷ್ಟೇ ವೇಗ, ಅಷ್ಟೇ ಹೊತ್ತು ಅಂದರೆ ಒಂಚೂರು ಕಮ್ಮಿ ಖರ್ಚು. ಆದರೆ ಯಾರು ಅಷ್ಟಕ್ಕೇ ನಿಲ್ಲಿಸುತ್ತಾರೆ? ಉಳಿದ ಉಸಿರಿನಲ್ಲಿ ಇನ್ನಷ್ಟು ದೂರ ಹೋಗುತ್ತೀರಿ. ಹೊಟ್ಟೆ ನೋಡುವುದು ಒಟ್ಟು ಲೆಕ್ಕ.

ನಿದ್ದೆಗಣ್ಣು
ನೀವು ನನ್ನನ್ನು ನೋಡಿಲ್ಲ. ನಾನು ಅಷ್ಟಕ್ಕೇ ನಿಲ್ಲಿಸುತ್ತೇನೆ.

ದಂಬೆಲ್ ದಾಸ
ಓಟ, ಸೈಕಲ್ ಸಾಕು. ಭಾರ ಎತ್ತುವವರ ಕಥೆ ಹೇಳಿ. ಸರಿಯಾದ ಹಾಡು ಬಂದಾಗ ನಾನು ಹತ್ತು ಕೆಜಿ ಜಾಸ್ತಿ ಎತ್ತುತ್ತೇನೆ. ಶಕ್ತಿ ಏರುತ್ತದೆ, ಸಂಶಯವೇ ಬೇಡ.

ಮೊಣಕಾಲು
ಸಂಶಯ ಬೇಕು ದಾಸರೇ. ಒಂದೇ ಸಲ ಎತ್ತುವ ಗರಿಷ್ಠ ಭಾರಕ್ಕೆ ಹಾಡಿನಿಂದ ಅಂಥ ವ್ಯತ್ಯಾಸ ಆಗುವುದಿಲ್ಲ. ಹಗುರ ಭಾರ ಇಟ್ಟುಕೊಂಡು ಎಷ್ಟು ಸಲ ಎತ್ತುತ್ತೀರಿ ಅನ್ನುವಲ್ಲಿ ಒಂದೆರಡು ರೆಪ್ ಜಾಸ್ತಿ ಬರಬಹುದು. ಇಷ್ಟದ ಹಾಡನ್ನು ಎತ್ತುವ ಮೊದಲೇ ಕೇಳಿದರೂ ಹುರುಪು ಬರುತ್ತದೆ, ಬಾರ್ ಹಿಡಿದಾಗಲೇ ಕಿವಿಯಲ್ಲಿ ಇರಬೇಕಿಲ್ಲ. ಬಾರ್ ಕೆಳಗೆ ಮಲಗಿದ್ದಾಗ ಹಿಂದೆ ನಿಂತು ಕಾಯುವವರು ಕೂಗಿದ್ದು ಕೇಳಿಸಬೇಕು, ಅದು ಮುಖ್ಯ.

ದಂಬೆಲ್ ದಾಸ
ನನ್ನ ಹತ್ತು ಕೆಜಿಯನ್ನು ನೀವು ಒಂದೆರಡು ರೆಪ್ ಮಾಡಿಬಿಟ್ಟಿರಿ. ಆದರೂ ಹಾಡು ಬಿಡಲ್ಲ.

ಬಿಳಿ ಕೋಲು
ನನಗೆ ಕಣ್ಣು ಕಾಣುವುದಿಲ್ಲ. ಸ್ಕ್ರೀನ್ ರೀಡರ್ ಮೂಲಕ ನಿಮ್ಮ ಜಗಳ ಓದುತ್ತಿದ್ದೇನೆ, ಚೆನ್ನಾಗಿದೆ. ನನ್ನ ಕಡೆಯಿಂದ ಒಂದು ಮಾತು.

ಜೊತೆಗಾರನೊಬ್ಬನ ಕೈಗೆ ಪಟ್ಟಿ ಕಟ್ಟಿಕೊಂಡು ಓಡುತ್ತೇನೆ. ನನಗೆ ಕಿವಿಯೇ ರಸ್ತೆ. ಹೊರಗೆ ಓಡುವಾಗ ನಾನು ಹಾಡು ಕೇಳುವ ಮಾತೇ ಇಲ್ಲ. ಆದರೆ ನನಗೆ ತೊಂದರೆ ಕೊಡುವವರು ಹಾಡು ಕೇಳುತ್ತಾ ಓಡುವ ಬೇರೆಯವರು. 'ಎಡಕ್ಕೆ ಬನ್ನಿ' ಅಂತ ನನ್ನ ಜೊತೆಗಾರ ಎಷ್ಟು ಕೂಗಿದರೂ ಅವರಿಗೆ ಕೇಳುವುದಿಲ್ಲ. ನೇರ ಬಂದು ಢಿಕ್ಕಿ. ಹೊರಗೆ ಓಡುವವರು ಒಂದು ಕಿವಿಯಾದರೂ ಖಾಲಿ ಬಿಡಿ, ಇಲ್ಲವೇ ಕಿವಿಯ ಹೊರಗೆ ಕೂರುವ ಮೂಳೆ ವಹನದ ಹೆಡ್‌ಫೋನ್ ಹಾಕಿ. ಅದು ಕೆನ್ನೆಯ ಮೂಳೆಯ ಮೂಲಕ ಸದ್ದು ಕಳಿಸುತ್ತದೆ, ಕಿವಿ ತೆರೆದೇ ಇರುತ್ತದೆ.

ಒಳಗೆ ಟ್ರೆಡ್‌ಮಿಲ್ ಮೇಲಾದರೆ ನಾನೂ ಸಿನಿಮಾ ಹಾಕುತ್ತೇನೆ. ಏನಾಗುತ್ತಿದೆ ಅಂತ ಹೇಳುವ ಧ್ವನಿವಿವರಣೆ ಇದ್ದರೆ ಸಾಕು. ನನ್ನ ಕೈ ಯಾವಾಗಲೂ ಕಂಬಿಯ ಹತ್ತಿರ ಇರುತ್ತದೆ.

ಓಟದ ಹುಚ್ಚ
ಬಿಳಿ ಕೋಲು ಸರ್, ಇದು ನನಗೆ ಹೊಳೆದೇ ಇರಲಿಲ್ಲ. ಆ ಮೂಳೆ ಹೆಡ್‌ಫೋನ್‌ನಲ್ಲಿ ಬೇಸ್ ಸರಿಯಾಗಿ ಬರುವುದಿಲ್ಲ ಅಂತ ಬಿಟ್ಟಿದ್ದೆ. ಹೊರಗಿನ ಓಟಕ್ಕೆ ಅದೇ ಸರಿ.

ಮೌನಿ ಓಟಗಾರ
ರೇಸಿನಲ್ಲಿ ಇದಕ್ಕೆ ನಿಯಮವೇ ಇದೆ. ಅಮೆರಿಕದ ಅಥ್ಲೆಟಿಕ್ಸ್ ಒಕ್ಕೂಟ 2007ರಲ್ಲಿ ರೇಸುಗಳಲ್ಲಿ ಹೆಡ್‌ಫೋನ್ ನಿಷೇಧಿಸಿತು.

ಹಳೇ ಸೈಕಲ್
ಅರ್ಧ ಕಥೆ ಹೇಳಿದಿರಿ. ಸಾವಿರಾರು ಜನ ಓಡುವ ಮ್ಯಾರಥಾನ್‌ನಲ್ಲಿ ಎಲ್ಲರ ಕಿವಿ ನೋಡಲು ಆಗಲಿಲ್ಲ. 2008ರ ಕೊನೆಯಲ್ಲಿ ಸಡಿಲ ಮಾಡಿದರು. ಪ್ರಶಸ್ತಿ, ಬಹುಮಾನದ ಹಣಕ್ಕೆ ಓಡುವವರಿಗೆ ಮಾತ್ರ ನಿಷೇಧ ಉಳಿಯಿತು, ಮಿಕ್ಕವರ ವಿಷಯ ಸಂಘಟಕರಿಗೆ ಬಿಟ್ಟರು. ವಿಶ್ವ ಅಥ್ಲೆಟಿಕ್ಸ್ ನಿಯಮದಲ್ಲಿ ಸ್ಪರ್ಧೆಯ ಒಳಗೆ ರೇಡಿಯೊ, ಫೋನ್, ಪ್ಲೇಯರ್ ಇಟ್ಟುಕೊಳ್ಳುವುದು ಇವತ್ತಿಗೂ ಹೊರಗಿನ ಸಹಾಯ ಅಂತಲೇ ಲೆಕ್ಕ. ಅಂದರೆ ನಿಯಮ ಬರೆಯುವವರೇ ಹಾಡಿನಿಂದ ಲಾಭ ಇದೆ ಅಂತ ಒಪ್ಪಿದ ಹಾಗೆ ಆಯಿತಲ್ಲ ಮೌನಿ?

ಮೌನಿ ಓಟಗಾರ
ಫೋನಿನಲ್ಲಿ ಕೋಚ್ ಸಲಹೆ ಕೊಡಬಾರದು ಅಂತಲೂ ಇರಬಹುದು. ಎಲ್ಲವನ್ನೂ ನಿಮ್ಮ ಬುಟ್ಟಿಗೇ ಹಾಕಿಕೊಳ್ಳಬೇಡಿ.

ಗಡಿಬಿಡಿ ಗೌರಿ
ಯಾರಾದರೂ ಈಜುವವರು ಇದ್ದೀರಾ? ನೀರಿನೊಳಗೆ ಏನು ಕೇಳುತ್ತೀರಿ? ನಾನು ಹೊಸ ಬ್ಲೂಟೂತ್ ಹೆಡ್‌ಫೋನ್ ತಗೊಂಡೆ, ನೀರಿಗೆ ಹಾಳಾಗಲ್ಲ ಅಂತ ಬರೆದಿದೆ. ಮುಳುಗಿದ ತಕ್ಷಣ ಹಾಡು ಬಂದ್.

ತಾಳಮೇಳ
ಹೆಡ್‌ಫೋನ್ ಹಾಳಾಗಿಲ್ಲ ಗೌರಿ. ಬ್ಲೂಟೂತ್ ಅಲೆಯನ್ನು ನೀರು ನುಂಗಿಬಿಡುತ್ತದೆ, ದಡದಲ್ಲಿರುವ ಫೋನಿನಿಂದ ನಿಮ್ಮ ಕಿವಿಗೆ ತಲುಪುವುದೇ ಇಲ್ಲ. ಹಾಡನ್ನು ತನ್ನೊಳಗೇ ಇಟ್ಟುಕೊಳ್ಳುವ ಪ್ಲೇಯರ್ ಬೇಕು. ಹಳೇ ಎಂಪಿ3 ಕಾಲಕ್ಕೆ ವಾಪಸ್.

ಗಡಿಬಿಡಿ ಗೌರಿ
ಅಂಗಡಿಯವನು ಹೇಳಲೇ ಇಲ್ಲ!

ಸೋಮಾರಿ ಸಂಘ
ನನ್ನ ದೊಡ್ಡ ಕಷ್ಟ ಜಾಹೀರಾತು. ಮೈ ಬಿಸಿಯಾಗಿ, ಲಯ ಸಿಕ್ಕಿ, ಈಗ ಓಡೋಣ ಅನ್ನುವಾಗ ಯಾರೋ ಸಾಲ ಬೇಕಾ ಅಂತ ಕೇಳುತ್ತಾರೆ. ಆಮೇಲೆ ಆ್ಯಪ್ ತಾನೇ ಆರಿಸಿ ಜೋಗುಳ ಹಾಕುತ್ತದೆ.

ನಿದ್ದೆಗಣ್ಣು
ಜೋಗುಳ ನನಗೆ ಕಳಿಸಿ. ವ್ಯಾಯಾಮ ಮುಗಿದ ಮೇಲೆ ನಿಧಾನದ ಹಾಡು ಕೇಳಿದರೆ ಎದೆಬಡಿತ ಬೇಗ ಇಳಿಯುತ್ತದೆ ಅಂತ ಎಲ್ಲೋ ಓದಿದ್ದೆ.

ತಾಳಮೇಳ
ಅದು ನಿಜ. ತರಗತಿಯ ಕೊನೆಗೆ ನಾವು ಮೆಲ್ಲನೆಯ ಹಾಡು ಹಾಕುವುದು ಸುಮ್ನೆ ಅಲ್ಲ. ದಡಬಡ ಹಾಡು ನಿಲ್ಲಿಸಿ ಮೆಲ್ಲನೆಯದು ಹಾಕಿದರೆ ಜನ ತಾವಾಗಿಯೇ ಭುಜ ಇಳಿಸುತ್ತಾರೆ. ನಾನು ಬಾಯಿ ಬಿಡುವ ಅಗತ್ಯ ಇರುವುದಿಲ್ಲ.

ಹಳೇ ಸೈಕಲ್
ಬೆವರಹನಿ ಅವರ ಸೀರಿಯಲ್‌ಗೆ ಮತ್ತೆ ಬರುತ್ತೇನೆ. ಅದನ್ನು ಬಿಡಬೇಡಿ, ಅದಕ್ಕೆ ಬೇರೆ ಕೆಲಸ ಕೊಡಿ. ಅಮೆರಿಕದ ಕೇಟಿ ಮಿಲ್ಕ್‌ಮನ್ ಮತ್ತು ಜೊತೆಗಾರರು 2014ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕೈಬಿಡಲಾಗದಂಥ ಕಥೆಗಳ ಆಡಿಯೊಬುಕ್ ಕೊಟ್ಟು, ಅದನ್ನು ಜಿಮ್ಮಿನಲ್ಲಿ ಮಾತ್ರ ಕೇಳುವ ಹಾಗೆ ಮಾಡಿದರು. ಮುಂದೇನಾಯಿತು ಅಂತ ತಿಳಿಯಬೇಕಾ, ಜಿಮ್ಮಿಗೆ ಬಾ. ಶುರುವಿನಲ್ಲಿ ಆ ಗುಂಪಿನವರು ಮಿಕ್ಕವರಿಗಿಂತ ಶೇ. 51ರಷ್ಟು ಜಾಸ್ತಿ ಸಲ ಜಿಮ್ಮಿಗೆ ಬಂದರು.

ಇಲ್ಲಿ ಕಥೆ ಕಾಲನ್ನು ಜೋರು ಮಾಡಲಿಲ್ಲ, ಮನುಷ್ಯನನ್ನು ಬಾಗಿಲವರೆಗೆ ತಂದಿತು. ನೀವೂ ಆ ಸೀರಿಯಲ್ ಸೋಫಾ ಮೇಲೆ ನೋಡುವುದಿಲ್ಲ ಅಂತ ಗೆರೆ ಹಾಕಿಕೊಳ್ಳಿ.

ಮೌನಿ ಓಟಗಾರ
ಶುರುವಿನಲ್ಲಿ ಅಂದಿರಿ. ಆಮೇಲೆ?

ಹಳೇ ಸೈಕಲ್
ದಿನ ಕಳೆದಂತೆ ಪರಿಣಾಮ ಇಳಿಯಿತು. ನಡುವೆ ರಜೆ ಬಂತು, ರಜೆಯ ನಂತರ ಹೆಚ್ಚೇನೂ ಉಳಿಯಲಿಲ್ಲ. ರಜೆ ಮುಗಿದ ಮೇಲೆ ಹೊಸ ಕಥೆಯಿಂದ ಮತ್ತೆ ಶುರು ಮಾಡಬೇಕು ಅಂತ ನಾನು ಅರ್ಥ ಮಾಡಿಕೊಂಡಿದ್ದೇನೆ. ನಿಮ್ಮ ಅರ್ಥ ಬೇರೆ ಇರುತ್ತದೆ ಅಂತ ಗೊತ್ತು.

ಮೌನಿ ಓಟಗಾರ
ಬೇರೆಯೇ. ಹೊರಗಿನ ಆಸೆ ತೋರಿಸಿ ಎಬ್ಬಿಸಿದವನು ಆಸೆ ಮುಗಿದ ದಿನ ಮಲಗುತ್ತಾನೆ. ಓಟವೇ ಇಷ್ಟವಾಗಬೇಕು.

ಗಡಿಬಿಡಿ ಗೌರಿ
ಓಟವೇ ಇಷ್ಟವಾಗುವ ಪುಣ್ಯಾತ್ಮರು ಇಲ್ಲಿ ಎಷ್ಟು ಜನ ಅಣ್ಣ? ಕೈ ಎತ್ತಿ.

ದಂಬೆಲ್ ದಾಸ
ಎತ್ತಲ್ಲ, ನಿನ್ನೆ ಭುಜದ ದಿನ ಇತ್ತು.

ಬೆವರಹನಿ
ಹಳೇ ಸೈಕಲ್ ಸರ್, ನಿಮ್ಮ ಮಾತು ಕೇಳಿ ನಿನ್ನೆಯೇ ಗೆರೆ ಹಾಕಿಕೊಂಡೆ. ಸೋಫಾ ಮೇಲೆ ಸೀರಿಯಲ್ ಇಲ್ಲ ಅಂತ. ನಮ್ಮ ಮನೆಯವರು ರಾತ್ರಿ ಒಬ್ಬರೇ ಕೂತು ಮುಂದಿನ ಮೂರು ಕಂತು ನೋಡಿ, ಬೆಳಿಗ್ಗೆ ಯಾರು ಕೊಲೆ ಮಾಡಿದ್ದು ಅಂತ ಹೇಳಿಬಿಟ್ಟರು. ಈಗ ಏನು ಮಾಡಲಿ?

ಓಟದ ಹುಚ್ಚ
ಅವರನ್ನು ಟ್ರೆಡ್‌ಮಿಲ್ ಹತ್ತಿಸಿ. ವೇಗ ನೀವು ಇಡಿ.

ಮೊಣಕಾಲು
ಬೇರೆ ಕಥೆ ಹಿಡಿಯಿರಿ, ಅವರಿಗೆ ಪಾಸ್‌ವರ್ಡ್ ಕೊಡಬೇಡಿ. ಒಂದು ಉಪಾಯ: ಸೀರಿಯಲ್ ದಿನ ವೇಗಕ್ಕೆ ಕೈ ಹಾಕಬೇಡಿ, ಇಳಿಜಾರು ಒಂದೆರಡು ಅಂಕ ಏರಿಸಿಟ್ಟು ನಡೆಯಿರಿ. ತಲೆ ಕಥೆಯಲ್ಲಿದ್ದರೂ ಏರು ಮಾತ್ರ ಏರೇ, ಬೆವರು ಬರುತ್ತದೆ. ಹಾಡಿನ ದಿನ ಮೊದಲ ಹತ್ತು ನಿಮಿಷ ನಿಧಾನದ ಹಾಡು ಇಡಿ. ಮೊದಲ ಹಾಡಿಗೇ ನೀವು ಹಾರಿಬಿಡುತ್ತಿದ್ದೀರಿ, ಅದಕ್ಕೇ ಅರ್ಧ ಗಂಟೆಗೆ ಸುಸ್ತು.

ಬೆವರಹನಿ
ಇಳಿಜಾರಿನ ಬಟನ್ ಯಾವುದು ಅಂತ ಹುಡುಕಬೇಕು. ಇದುವರೆಗೆ ಮುಟ್ಟಿಯೇ ಇಲ್ಲ. ಹಾಡಿನ ವಿಷಯ ಸರಿ, ನಾಳೆಯೇ ಪಟ್ಟಿ ಉಲ್ಟಾ ಮಾಡುತ್ತೇನೆ.

ಬಿಳಿ ಕೋಲು
ಸದ್ದಿನ ಮಟ್ಟದ ಬಗ್ಗೆ ಯಾರೂ ಬರೆದಿಲ್ಲ. ನನ್ನಂಥವನಿಗೆ ಕಿವಿ ಹೋದರೆ ಎಲ್ಲವೂ ಹೋದ ಹಾಗೆ, ಅದಕ್ಕೇ ಕೇಳುತ್ತಿದ್ದೇನೆ. ಗುಂಪು ತರಗತಿಗಳಲ್ಲಿ ಯಾಕೆ ಅಷ್ಟು ಜೋರು ಹಾಕುತ್ತೀರಿ ತಾಳಮೇಳ ಮೇಡಂ? ಒಂದು ಸಲ ಹೋಗಿ, ಕಿವಿ ಗುಂಯ್ ಅನ್ನುತ್ತಾ ವಾಪಸ್ ಬಂದೆ.

ತಾಳಮೇಳ
ಸರ್, ಜನ ಕೇಳುತ್ತಾರೆ. ಸದ್ದು ಇಳಿಸಿದರೆ 'ಇವತ್ತು ಜೋಶ್ ಇರಲಿಲ್ಲ' ಅಂತಾರೆ. ಎದೆಗೆ ಬಡಿಯುವ ಬೇಸ್ ಇದ್ದರೆ ಹುರುಪು ಜಾಸ್ತಿ, ಅದು ಸುಳ್ಳಲ್ಲ.

ಹಳೇ ಸೈಕಲ್
ಹುರುಪು ಬರಬಹುದು, ಕಿವಿಯ ಲೆಕ್ಕ ಬೇರೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ. ಪ್ರತಿ 3 ಡೆಸಿಬೆಲ್ ಏರಿದಾಗ ಹೊತ್ತು ಅರ್ಧಕ್ಕೆ ಇಳಿಯುತ್ತದೆ. 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ 5, 92ಕ್ಕೆ ಎರಡೂವರೆ. 95ಕ್ಕೆ ಬಂದರೆ ವಾರಕ್ಕೆ ಒಂದೂಕಾಲು ಗಂಟೆ. ಒಂದು ತರಗತಿಗೆ ವಾರದ ಪಾಲು ಮುಗಿದ ಹಾಗೆ. ಬರುವವರು ಒಂದು ತರಗತಿಗೆ ಬಂದು ಹೋಗುತ್ತಾರೆ. ನಡೆಸುವವರು ದಿನಕ್ಕೆ ಎಷ್ಟು ನಡೆಸುತ್ತೀರಿ ಮೇಡಂ?

ತಾಳಮೇಳ
ಈ ಲೆಕ್ಕವನ್ನು ನನ್ನ ತಲೆಗೆ ಯಾರೂ ಹೀಗೆ ಹಾಕಿರಲಿಲ್ಲ. ದಿನಕ್ಕೆ ಮೂರ್ನಾಲ್ಕು ತರಗತಿ, ಸರ್. ಫೋನಿನಲ್ಲಿ ಡೆಸಿಬೆಲ್ ಆ್ಯಪ್ ಹಾಕಿ ಸ್ಪೀಕರಿನ ಎದುರು, ಹಿಂದಿನ ಸಾಲಿನಲ್ಲಿ, ನಾನು ನಿಲ್ಲುವ ಜಾಗದಲ್ಲಿ ನೋಡುತ್ತೇನೆ.

ಬಿಳಿ ಕೋಲು
ಫೋನ್ ಆ್ಯಪ್ ಕರಾರುವಾಕ್ ಅಲ್ಲ, ಅಂದಾಜಿಗೆ ಸಾಕು. ಮಗ್ಗುಲಲ್ಲಿ ನಿಂತವರ ಮಾತು ಕೂಗದೆ ಕೇಳಿಸುತ್ತದಾ ಅಂತಲೂ ನೋಡಿ.

ತಾಳಮೇಳ
ನೋಡಿ ಬಂದೆ. ನಾನು ನಿಲ್ಲುವ ಜಾಗದಲ್ಲಿ 93, ಹಿಂದಿನ ಸಾಲಿನಲ್ಲಿ 88. ಎರಡು ಸ್ಪೀಕರ್ ನನ್ನ ಬೆನ್ನಿಗೇ ಇದ್ದವು, ಅವನ್ನು ಎತ್ತರಕ್ಕೆ ಏರಿಸಿ ಪಕ್ಕಕ್ಕೆ ತಿರುಗಿಸಲು ಹೇಳಿದ್ದೇನೆ. ಸದ್ದೂ ಸ್ವಲ್ಪ ಇಳಿಸಿದೆ. ಇಬ್ಬರು ಜೋಶ್ ಇಲ್ಲ ಅಂದರು. ಮಿಕ್ಕವರು ಏನೂ ಹೇಳಲಿಲ್ಲ, ಬೆವರು ಅಷ್ಟೇ ಇತ್ತು.

ದಂಬೆಲ್ ದಾಸ
ಆ ಇಬ್ಬರಲ್ಲಿ ನಾನು ಒಬ್ಬ ಅಲ್ಲ, ಮೊದಲೇ ಹೇಳಿಬಿಡುತ್ತೇನೆ.

ಮೌನಿ ಓಟಗಾರ
ಸದ್ದು ಪೂರ್ತಿ ಆರಿಸಿ ಒಂದು ತರಗತಿ ನಡೆಸಿ ಮೇಡಂ. ನಾನು ಬರುತ್ತೇನೆ.

ತಾಳಮೇಳ
ಬನ್ನಿ ಮೌನಿ ಸರ್. ಆದರೆ 32 ಎಣಿಕೆ ನೀವೇ ಕೂಗಬೇಕು.